ಭಾರತಾಂಬೆಗೆ ಗೆಜ್ಜೆ ಕಟ್ಟಿದ ಮಳೆಗಾಲ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷ ಕಪಿಲೆ ಹೊಳೆ ದಡದ ಹದಿನಾರು ಕಾಲು ಮಂಟಪವನ್ನು ಪೂರ್ತಿ ಮುಳುಗಿಸಿತ್ತೋ ಇಲ್ಲ ಚಾವಣಿ ಕಾಣುತ್ತಿತ್ತೋ, ಹುಡುಗಿಯರ ಗೆಜ್ಜೆಯ ಪಟ್ಟಿ ಚರ್ಮದ್ದೋ ಮಕಮಲ್ಲಿನದ್ದೋ, ಅತ್ತೆ ಆ ಮಾತನ್ನು ಕಾಫಿಗೆ ಮೊದಲು ಆಡಿದರೋ ಆಮೇಲೋ, ನನಗೆ ಈಗ ಖಚಿತವಿಲ್ಲ. ಡೈರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ಮಳೆಗಾಲದ ಪುಟಗಳಲ್ಲಿ ಇರುವುದು ಬರೀ ಸಿಟ್ಟು. ಸಿಟ್ಟಿನಲ್ಲಿ ಬರೆಯುವವರು ಬಣ್ಣ, ಬಟ್ಟೆ, ಹೊತ್ತುಗೊತ್ತು ಇಂಥವನ್ನು ಗಮನಿಸುವುದಿಲ್ಲ. ಗಮನಿಸಿದರೂ ತಮಗೆ ಬೇಕಾದ ಹಾಗೆ ಗಮನಿಸುತ್ತಾರೆ. ಎಂ.ಎ.ಯಲ್ಲಿ ಇತಿಹಾಸ ಓದುವಾಗ ಬೇರೆಯವರ ನೆನಪುಗಳನ್ನು ಅನುಮಾನದಿಂದ ನೋಡುವುದನ್ನು ನಮಗೆ ಕಲಿಸಿದ್ದರು. ಓದುವವರು ನನ್ನದನ್ನೂ ಹಾಗೆಯೇ ನೋಡಲಿ.

ವಾಸನೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಕಳೆದ ತಿಂಗಳು ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಕೂತಿದ್ದ ಬಸ್ಸಿಗೆ ಯಾವುದೋ ಶಾಲೆಯ ಹೆಣ್ಣುಮಕ್ಕಳು ಹತ್ತಿದರು. ಎಲ್ಲರೂ ಭರತನಾಟ್ಯದ ವೇಷದಲ್ಲಿದ್ದರು, ಕೆನ್ನೆಯ ಮೇಲೆ ಕೇಸರಿ ಬಿಳಿ ಹಸಿರು ಬಳಿದುಕೊಂಡಿದ್ದರು. ಬಾಡಿಗೆ ರೇಷ್ಮೆಯ ನುಸಿಗುಳಿಗೆ, ಬೆವರಿಗೆ ಕರಗುತ್ತಿರುವ ಪ್ಯಾನ್‌ಕೇಕು ಮೇಕಪ್ಪು, ಬಾಡಿದ ಕನಕಾಂಬರ, ಇವೆಲ್ಲ ಒಟ್ಟಿಗೆ ಬಂದು ಮೂಗಿಗೆ ಬಡಿದವು. ಮಕ್ಕಳು ನಗುತ್ತಿದ್ದರು, ಚಿಪ್ಸ್ ತಿನ್ನುತ್ತಿದ್ದರು, ಅವರ ತಪ್ಪೇನೂ ಇಲ್ಲ. ಆದರೂ ನನಗೆ ಅಲ್ಲಿ ಕೂರಲಾಗಲಿಲ್ಲ. ಟಿಕೆಟ್ ತೆಗೆದಿದ್ದರೂ ಇಳಿದುಬಿಟ್ಟೆ.

ಆ ಮಳೆಗಾಲ ನಾನು ನಂಜನಗೂಡಿನಲ್ಲಿ ವಸಂತತ್ತೆಯ ಮನೆಯಲ್ಲಿದ್ದೆ. ವಸಂತತ್ತೆ ನನ್ನ ತಂದೆಯ ತಂಗಿ. ಎಂ.ಎ. ಮುಗಿದಿತ್ತು, ಉಪನ್ಯಾಸಕರ ಪರೀಕ್ಷೆಗೆ ಓದುತ್ತಿದ್ದೆ; ಮೈಸೂರಿನ ಪಿ.ಜಿ. ರೂಮಿಗಿಂತ ಅತ್ತೆಯ ಮನೆ ಓದಲು ಒಳ್ಳೆಯದು ಎಂದು ಅಪ್ಪ ಕಳಿಸಿದ್ದರು. ಅವರಿಗೆ ಮರೆತುಹೋಗಿತ್ತು, ಅತ್ತೆಯ ಮಹಡಿಯ ಮೇಲೆ ನೃತ್ಯಶಾಲೆ ಇತ್ತು. ಶೀಟಿನ ಚಾವಣಿ. ಆಷಾಢದ ಗಾಳಿಗೆ ಶೀಟು ಬಡಿದುಕೊಳ್ಳುತ್ತಿತ್ತು, ಅದರ ಮೇಲೆ ಮಳೆ, ಅದರ ಕೆಳಗೆ ಅತ್ತೆ ತಾಳ ಹಾಕುವ ತಟ್ಟುಮಣೆಯ ಶಬ್ದ, ಅದರ ಕೆಳಗೆ ನಲವತ್ತು ಹುಡುಗಿಯರ ಪಾದ. ನಾನು ಕೆಳಗಿನ ಕೋಣೆಯಲ್ಲಿ ಕೂತು ವಸಾಹತುಶಾಹಿಯ ಬಗ್ಗೆ ಓದುತ್ತಿದ್ದರೆ ತಲೆಯ ಮೇಲೆ ಬ್ರಿಟಿಷರು ಕುಣಿಯುತ್ತಿದ್ದರು. ಇದು ತಮಾಷೆಗೆ ಹೇಳಿದ್ದಲ್ಲ. ಸ್ವಾತಂತ್ರ್ಯೋತ್ಸವಕ್ಕೆ ಅತ್ತೆ ಭಾರತಾಂಬೆಯ ಬಗ್ಗೆ ಒಂದು ದೊಡ್ಡ ನೃತ್ಯರೂಪಕ ಸಿದ್ಧ ಮಾಡುತ್ತಿದ್ದರು. ಮೊದಲು ಋಷ್ಯಾಶ್ರಮ, ಆಮೇಲೆ ಮುಖಕ್ಕೆ ಪೌಡರ್ ಬಳಿದುಕೊಂಡ ಬ್ರಿಟಿಷರು, ಥರ್ಮೋಕೋಲಿನ ಸರಪಳಿ, ಕೊನೆಗೆ ಬಿಡುಗಡೆ. ನೋಡಲು ದೊಡ್ಡವರೆಲ್ಲ ಬರುವವರಿದ್ದರು. ಗಣರಾಜ್ಯೋತ್ಸವಕ್ಕೆ ದೆಹಲಿಗೆ ಹೋಗುವ ನೃತ್ಯತಂಡಕ್ಕೆ ಹುಡುಗಿಯರನ್ನು ಆರಿಸುವವರೂ ಬರುತ್ತಾರೆ ಎಂಬ ಸುದ್ದಿಯಿತ್ತು.

ಭಾರತಾಂಬೆಯ ಪಾತ್ರ ಭವ್ಯಳದ್ದು. ತಿ. ನರಸೀಪುರದಲ್ಲಿ ಡಿಗ್ರಿ ಓದುತ್ತಿದ್ದ ಹುಡುಗಿ, ಸೋಮನಾಥಪುರದ ದಾರಿಯಲ್ಲಿರುವ ಒಂದು ಹಳ್ಳಿಯವಳು. ಅಪ್ಪ ಲಾರಿ ಓಡಿಸುತ್ತಾನೆ. ಕಾಲೇಜು ಮುಗಿಸಿ ಬಸ್ಸು ಹಿಡಿದು ನಂಜನಗೂಡಿಗೆ ಬಂದು, ಅಭ್ಯಾಸ ಮುಗಿಸಿ, ಕತ್ತಲಾಗುವ ಮೊದಲು ಮತ್ತೆ ಬಸ್ಸು ಹಿಡಿಯುತ್ತಿದ್ದಳು. ಅವಳಷ್ಟು ಚೆನ್ನಾಗಿ ಕುಣಿಯುವವಳು ಆ ಶಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ, ಅದನ್ನು ಅತ್ತೆಯೂ ಹೇಳುತ್ತಿದ್ದರು. ಅವಳಿಗೆ ದೆಹಲಿಯ ಹುಚ್ಚು ಹಿಡಿದಿತ್ತು. "ಅಕ್ಕ, ಡೆಲ್ಲೀಲಿ ಆ ರಸ್ತೆ ಎಷ್ಟು ಅಗಲ ಇರುತ್ತೆ? ಅಷ್ಟಗಲದಲ್ಲಿ ಕುಣಿದ್ರೆ ಕಾಲಿಗೆ ಎಂಗಾಗುತ್ತೆ?" ಎಂದು ಕೇಳುತ್ತಿದ್ದಳು. ನಾನೂ ದೆಹಲಿ ನೋಡಿರಲಿಲ್ಲ. "ಚಳಿಯಾಗುತ್ತೆ ಕಣೆ, ಜನವರಿ" ಎಂದೆ. "ಕುಣಿಯೋರ್ಗೆ ಎಂಥಾ ಚಳಿ ಅಕ್ಕ!" ಎಂದು ನಕ್ಕಿದ್ದಳು.

ಭವ್ಯಳ ಮುತ್ತಜ್ಜಿ ಕಮಲಮ್ಮ ಅತ್ತೆಗೆ ನೃತ್ಯ ಕಲಿಸಿದವರು. ಅತ್ತೆ ಇದನ್ನು ಮುಚ್ಚಿಡುತ್ತಿರಲಿಲ್ಲ, ಆದರೆ ಹೇಳುವ ರೀತಿ ಒಂದಿತ್ತು. ಮನೆಯಲ್ಲಿ "ನಮ್ಮ ಕಮಲಮ್ಮ" ಎನ್ನುತ್ತಿದ್ದರು, ವೇದಿಕೆಯ ಮೇಲೆ "ಹಿರಿಯರು" ಎನ್ನುತ್ತಿದ್ದರು. ರೂಪಕಕ್ಕೆ ನಿರೂಪಣೆ ಬರೆದುಕೊಡು ಎಂದು ನನಗೆ ಹೇಳಿದ್ದರು. ಕಮಲಮ್ಮನ ಹೆಸರು ಹಾಕಿ, ಅವರು ಊರಿನ ಗುಡಿಯಲ್ಲಿ ಸೇವೆಗೆ ಬಿಟ್ಟ ಹೆಣ್ಣು ಎಂದು ಒಂದು ವಾಕ್ಯ ಬರೆದೆ. ಅತ್ತೆ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

"ಯಾಕೆ ಸುಮಿ ಇದೆಲ್ಲ? ಮಕ್ಕಳು ಕೂತು ನೋಡೋ ಕಾರ್ಯಕ್ರಮ."

"ನಿಜ ತಾನೆ ಅತ್ತೆ?"

"ನಿಜ ಇರೋದನ್ನೆಲ್ಲ ಮೈಕಲ್ಲಿ ಹೇಳ್ತಾರೇನೆ? ಬ್ರಿಟಿಷರು ಬಂದು ನಮ್ಮ ನೃತ್ಯಾನ ಹೊಲಸು ಅಂದ್ರು. ನಾವು ಅದನ್ನ ತೊಳೆದು ಮತ್ತೆ ದೇವರ ಮನೆಗೆ ತಂದಿಟ್ವಿ. ಅಷ್ಟು ಬರಿ ಸಾಕು."

ಬರೆಯಲಿಲ್ಲ. ಮೈಸೂರಿನಿಂದ ಬಂದ ನಿರೂಪಕರೊಬ್ಬರು ತಾವೇ ಬರೆದುಕೊಂಡರು. ಆದರೆ ಅತ್ತೆಯ ಆ ಮಾತು ನನ್ನ ಓದನ್ನೆಲ್ಲ ಒಂದು ಸಾಲಿನಲ್ಲಿ ಕಟ್ಟಿಕೊಟ್ಟಿತ್ತು. ಹೊಲಸು ಎಂದು ಮೊದಲು ಇಂಗ್ಲಿಷಿನಲ್ಲಿ ಅಂದರು. ಆಮೇಲೆ ಇಂಗ್ಲಿಷ್ ಕಲಿತ ನಮ್ಮವರು ಕನ್ನಡದಲ್ಲಿ ಅಂದರು. ಸ್ವಾತಂತ್ರ್ಯ ಬಂದ ಮೇಲೆ ಹೊಸ ದೇಶಕ್ಕೆ ತನ್ನದು ಎಂದು ತೋರಿಸಲು ಏನಾದರೂ ಬೇಕಿತ್ತು, ಆಗ ನೃತ್ಯವನ್ನು ಸ್ನಾನ ಮಾಡಿಸಿ, ಮಡಿ ಉಡಿಸಿ ಒಳಗೆ ಕರೆದರು. ಅಷ್ಟು ಕಾಲ ಅದನ್ನು ಮೈಯಲ್ಲಿಟ್ಟುಕೊಂಡು ಕಾಪಾಡಿದ ಹೆಂಗಸರನ್ನು ಹಾಗೆ ಯಾರೂ ಒಳಗೆ ಕರೆಯಲಿಲ್ಲ.

ಆ ತೊಳೆಯುವ ಕೆಲಸ ಹೇಗೆ ನಡೆಯುತ್ತದೆಂದು ನಾನು ಮಹಡಿಯ ಮೇಲೆ ಕಣ್ಣಾರೆ ನೋಡಿದೆ. ಕಮಲಮ್ಮ ಕಲಿಸಿದ್ದ ಒಂದು ಜಾವಳಿ ಇತ್ತು. ಬರುತ್ತೇನೆಂದು ಹೇಳಿ ಬಾರದಿದ್ದವನಿಗಾಗಿ ಕಾಯುವ ಹೆಣ್ಣಿನ ಹಾಡು. ಅದರಲ್ಲಿ ಅವಳು ಸಿಟ್ಟಿನಲ್ಲಿ ತನ್ನಷ್ಟಕ್ಕೆ ತಾನೇ ವೀಳ್ಯ ಮಡಿಸಿಕೊಳ್ಳುತ್ತಾಳೆ, ಹೊಸ್ತಿಲ ಕಡೆ ಕಣ್ಣಂಚಿನಲ್ಲಿ ನೋಡುತ್ತಾಳೆ. ಅತ್ತೆ ಹಾಡಿನ ಮಾತು ಬದಲಿಸಿದರು, ರಾಗ ಮತ್ತು ಅಭಿನಯ ಉಳಿಸಿಕೊಂಡರು. ಈಗ ಕಾಯುವವಳು ಭಾರತಾಂಬೆ, ಬಾರದವರು ಗಡಿಗೆ ಹೋದ ಮಕ್ಕಳು. ಎಲೆಗೆ ಸುಣ್ಣ ಹಚ್ಚುವ ಬೆರಳು ವೀರನ ಹಣೆಗೆ ತಿಲಕವಿಡುವ ಬೆರಳಾಯಿತು. ಭವ್ಯ ಅದನ್ನು ಮಾಡಿ ತೋರಿಸಿದಾಗ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಬೆರಳಿನಲ್ಲಿ ಸುಣ್ಣವೇ ಕಾಣುತ್ತಿತ್ತು. ಪ್ರಿಯಕರನನ್ನು ನೋಡುವ ಕಣ್ಣಿನಿಂದ ತಾಯಿಯೊಬ್ಬಳು ಮಗನನ್ನು ನೋಡುತ್ತಿದ್ದಳು, ಅದನ್ನು ಅಲ್ಲಿ ಯಾರೂ ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದರೋ. ಅಸಹ್ಯ ಎಂದರೆ ಏನೆಂದು ಆವತ್ತು ನನಗೆ ಮೈಯಲ್ಲಿ ಗೊತ್ತಾಯಿತು. ಜಾವಳಿಯ ಬಗ್ಗೆ ಅಲ್ಲ, ಜಾವಳಿ ಚೆನ್ನಾಗಿತ್ತು.

ಜುಲೈ ಕೊನೆಯಲ್ಲಿ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರು. ಕಪಿಲೆ ಕೆಂಪಗೆ ಏರಿ ಸ್ನಾನಘಟ್ಟ ಮುಳುಗಿತು. ತಗ್ಗಿನ ಬೀದಿಗಳ ಮನೆಗಳಿಗೆ ನುಗ್ಗಿದ ನೀರು ಇಳಿದಾಗ ಬಿಟ್ಟುಹೋದ ರಾಡಿ ಒಣಗದೆ ಅಲ್ಲೇ ಕೊಳೆಯುತ್ತಿತ್ತು. ಪೂಜೆ ಮಾಡಿ ಹೊಳೆಗೆ ಬಿಟ್ಟ ಹೂವು, ಬಟ್ಟೆ, ಪ್ಲಾಸ್ಟಿಕ್ಕು ಎಲ್ಲವನ್ನೂ ಹೊಳೆ ಮರಳಿ ತಂದು ಊರಿಗೆ ಒಪ್ಪಿಸಿತ್ತು. ಅದೇ ವಾರ ಅತ್ತೆ ಹುಡುಗಿಯರನ್ನೆಲ್ಲ ಕೂರಿಸಿ ಹೊಸ ಯೋಜನೆ ಹೇಳಿದರು. ಆಗಸ್ಟ್ ಹದಿನೈದರ ಬೆಳಗ್ಗೆ, ಕಾರ್ಯಕ್ರಮಕ್ಕೆ ಮುಂಚೆ, ಊರಿನ ಒಂದು ಅಮ್ಮನವರ ಗುಡಿಯಲ್ಲಿ ದೇವರ ಮುಂದೆ ಪುರೋಹಿತರಿಂದ ಪೂಜೆ ಮಾಡಿಸಿ ಹುಡುಗಿಯರಿಗೆ ಗೆಜ್ಜೆ ಕಟ್ಟಿಸುವುದು. ಹಿಂದಿನ ಕಾಲದಂತೆ. ಟಿ.ವಿ.ಯವರು ಬಂದು ಶೂಟ್ ಮಾಡುತ್ತಾರೆ. ಅಲ್ಲಿಂದ ಮೆರವಣಿಗೆಯಲ್ಲಿ ಕಲ್ಯಾಣಮಂಟಪಕ್ಕೆ.

ಎಲ್ಲರೂ ಹೋ ಎಂದರು. ಭವ್ಯ ಎದ್ದು ನಿಂತಳು.

"ಮಿಸ್, ನಮ್ಮಜ್ಜಿ ಗುಡೀಲಿ ಗೆಜ್ಜೆ ಕಟ್ಟಕ್ಕೆ ಬಿಡಲ್ಲ."

"ಯಾಕಮ್ಮ?"

"ಗೊತ್ತಿಲ್ಲ ಮಿಸ್. ಬಿಡಲ್ಲ ಅಷ್ಟೆ. ನಮ್ಮನೇಲಿ ಯಾರ್ಗೂ ಬಿಟ್ಟಿಲ್ಲ."

ಅವಳ ಅಜ್ಜಿಯನ್ನು ಒಪ್ಪಿಸಿ ಬರಲು ಅತ್ತೆ ನನ್ನನ್ನು ಕಳಿಸಿದರು. "ನೀನು ಓದಿದೋಳು, ಸಮಾಧಾನವಾಗಿ ಹೇಳು" ಎಂದರು. ನನಗೂ ನೋಡಬೇಕಿತ್ತು. ತಿ. ನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಭವ್ಯಳ ಜೊತೆ ಆಟೋದಲ್ಲಿ ಹೋದೆ. ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು, ರಸ್ತೆಯ ಮೇಲೆ ಅಲ್ಲಲ್ಲಿ ನೀರು ಹರಿಯುತ್ತಿತ್ತು. ಚಿಕ್ಕತಾಯಮ್ಮ, ಅಂದರೆ ಕಮಲಮ್ಮನ ಮಗಳು, ಭವ್ಯಳ ಅಜ್ಜಿ, ಜಗಲಿಯ ಮೇಲೆ ಕಾಲು ಚಾಚಿ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಎಂಬತ್ತರ ಆಸುಪಾಸು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವಸಂತಮ್ನೋರ ಅಣ್ಣನ ಮಗಳಾ? ಮೂಗು ನೋಡುದ್ರೇ ಗೊತ್ತಾಯ್ತದೆ. ನಿಮ್ ತಾತಂದೇ ಮೂಗು. ಬಾ ಮಗ, ಕುಂತ್ಕೊ. ನಮ್ಮನೇಲಿ ಕಾಫಿ ಕುಡೀತಿಯಾ, ಇಲ್ಲ ಎಳನೀರು ಕೆಡವುಸ್ಲಾ?"

"ಕಾಫಿ ಕುಡೀತೀನಿ ಅಮ್ಮ."

"ನಿಮ್ ತಾತ ಕುಡೀತಿರ್ನಿಲ್ಲ. ಆಚೆ ನಿಂತ್ಕಂಡೇ ಮಾತಾಡ್ಸೋರು" ಎಂದು ನಕ್ಕರು. ಭವ್ಯ ಒಳಗೆ ಹೋದಳು.

ನಾನು ಬಂದ ವಿಷಯ ಹೇಳಿದೆ. ಅವರು ಮೊರ ನಿಲ್ಲಿಸಲಿಲ್ಲ.

"ಕುಣೀಲಿ ಕಣವ್ವ. ಬ್ಯಾಡ ಅಂದೋರ್ಯಾರು? ಡೆಲ್ಲಿಗಾರ ಓಗ್ಲಿ, ಲಂಡನ್ನಿಗಾರ ಓಗ್ಲಿ. ಗುಡೀಲಿ ಗೆಜ್ಜೆ ಮಾತ್ರ ಬ್ಯಾಡ. ನಮ್ಮವ್ವಂಗೆ ಕಟ್ಟುದ್ರಲ್ಲ, ಸಾಕು."

ಆಮೇಲೆ ಅವರು ಹೇಳಿದ್ದನ್ನು ನಾನು ಆವತ್ತೇ ಬಸ್ಸಿನಲ್ಲಿ ಬರೆದುಕೊಂಡೆ, ಆದರೂ ಎಲ್ಲ ಮಾತು ಅವರದ್ದೇ ಎಂದು ಆಣೆ ಮಾಡಲಾರೆ. ಕಮಲಮ್ಮ ಇನ್ನೂ ಮೈನೆರೆಯದ ಹುಡುಗಿ. ಪೂಜಾರಿ ದೇವರ ಪಾದಕ್ಕೆ ಮುಟ್ಟಿಸಿದ ಗೆಜ್ಜೆಯನ್ನು ಅವಳ ಕಾಲಿಗೆ ಕಟ್ಟಿಸಿದ. ಊರಿನವರು ಅಕ್ಷತೆ ಹಾಕಿದರು. "ಅವ್ವ ಏಳೋಳು, ಮದುವೇಲಾದ್ರೆ ಗಂಡಿನ ಮಕಾನಾದ್ರೂ ನೋಡ್ಬೋದು. ನಂಗೆ ಮಕಾನೇ ಇರ್ನಿಲ್ಲ, ಊರೇ ಗಂಡ ಅಂದ್ಬುಟ್ರು ಅಂತ."

"ಅಷ್ಟು ಹೊತ್ತಿಗೆ ಸರ್ಕಾರದವರು ಗುಡಿಗೆ ಹೆಣ್ಣು ಬಿಡೋದನ್ನ ನಿಲ್ಲಿಸಿದ್ದರಲ್ಲಮ್ಮ?" ಎಂದೆ. ಓದಿದ್ದು ಬಾಯಿಗೆ ಬಂದಿತ್ತು.

"ನಿಂತಿತ್ತಂತೆ, ಮೈಸೂರಲ್ಲಿ. ನಮ್ಮೂರಿಗೆ ಆಗ ಬಸ್ಸಿರ್ನಿಲ್ಲ."

ಅಷ್ಟು ಹೇಳಿ ಅವರೇ ಜೋರಾಗಿ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಚಿಕ್ಕತಾಯಮ್ಮ ಹುಟ್ಟಿದ ಮೇಲೆ ಕಮಲಮ್ಮ ಒಂದು ತೀರ್ಮಾನ ಮಾಡಿದ್ದರು. ಈ ಮನೆಯ ಹೆಣ್ಣುಮಕ್ಕಳು ಕುಣಿತ ಕಲಿಯಬಹುದು, ಗುಡಿಗೆ ಹೋಗಿ ಕೈ ಮುಗಿಯಬಹುದು, ಆದರೆ ಗುಡಿಯೊಳಗೆ ಅವರ ಕಾಲಿಗೆ ಗೆಜ್ಜೆ ಕಟ್ಟಕೂಡದು. ಕಟ್ಟುವುದಾದರೆ ತಾಯಿಯೋ ಅಜ್ಜಿಯೋ ಈ ಜಗಲಿಯ ಮೇಲೆ, ಹಗಲು ಹೊತ್ತು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕಟ್ಟಬೇಕು. ಕಲಿಯಲು ಬಂದ ಬೇರೆ ಮನೆಯ ಹುಡುಗಿಯರಿಗೂ ಹಾಗೆಯೇ. ಇದು ಆ ಮನೆಯ ಶಾಸ್ತ್ರವಾಯಿತು.

"ನಿಮ್ಮತ್ತೆಗೂ ಇಲ್ಲೇ ಕಟ್ಟಿದ್ದು" ಎಂದರು ಚಿಕ್ಕತಾಯಮ್ಮ, ಪಕ್ಕದ ಕಂಬ ತೋರಿಸಿ. "ಈ ಕಂಬದ ತಾವ. ಲಂಗ ಬ್ಲೌಸು ಆಕ್ಕಂಡು ಬಂದಿತ್ತು ಮಗ. ನಿಮ್ ತಾತನೇ ಕರ್ಕಂಡ್ ಬಂದಿದ್ರು. ನಮ್ಮವ್ವ ಬೇಕಂತ್ಲೇ ಕೇಳುದ್ಲು, ಸ್ವಾಮಿ, ನಿಮ್ಮೋರದ್ದು ನಮ್ಮಂಗಲ್ಲ, ಬೇಕಾದ್ರೆ ದೇವಸ್ಥಾನದಲ್ಲಿ ಕಟ್ಟುಸ್ಕಳಿ ಅಂತ. ನಿಮ್ ತಾತ ಎದ್ರುಕಂಡ್ಬುಟ್ರು. ಬೇಡ ಕಮಲಮ್ಮ, ನಾಳೆ ಮದುವೆ ಆಗಬೇಕಾದ ಹುಡುಗಿ, ಯಾರಾದ್ರೂ ನೋಡಿದ್ರೆ ನಿಮ್ಮ ಪೈಕಿ ಅಂದ್ಕೋತಾರೆ, ಇಲ್ಲೇ ಕಟ್ಬಿಡಿ ಅಂದ್ರು. ಅವ್ವ ವಾರಗಟ್ಲೆ ಅದ್ನೇ ಏಳ್ಕಂಡು ನಗೋಳು."

ಕಾಫಿ ತಂದ ಭವ್ಯ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಅಜ್ಜಿ, ನೀನು ನಂಗೆ ಯಾವತ್ತೂ ಏಳೇ ಇಲ್ಲ" ಎಂದಳು.

"ನೀನು ಕೇಳ್ದೇನಮ್ಮಿ? ಗುಡೀಲಿ ಬ್ಯಾಡ ಅಂದ್ರೆ ಊ ಅಂದೆ, ಸುಮ್ಗಾದೆ."

"ನಂಗೆ ಡೆಲ್ಲಿಗೆ ಓಗ್ಬೇಕು ಅಜ್ಜಿ."

ಚಿಕ್ಕತಾಯಮ್ಮ ಮೊರ ಕೆಳಗಿಟ್ಟರು. "ನಾನೇ ಬತ್ತೀನಿ. ವಸಂತಮ್ನೋರ್ನ ಕೇಳ್ತೀನಿ" ಎಂದರು.

ಅವರು ನಂಜನಗೂಡಿಗೆ ಬಂದ ದಿನವೇ ನನ್ನ ನೆನಪಿನಲ್ಲಿ ಅತ್ಯಂತ ಸ್ಪಷ್ಟವಾಗಿರುವುದು, ಅದಕ್ಕೇ ಅದನ್ನು ನಾನು ಹೆಚ್ಚು ಅನುಮಾನಿಸುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಮನಸ್ಸಿನಲ್ಲಿ ಆಡಿಸಿಕೊಂಡ ದೃಶ್ಯ. ಎಲ್ಲಿ ನನ್ನ ಕೈ ಹತ್ತಿದೆಯೋ ಗೊತ್ತಿಲ್ಲ. ಹಜಾರದಲ್ಲಿ ಅತ್ತೆಯ ಎದುರು ಕಾರ್ಯಕ್ರಮದ ಪ್ರಾಯೋಜಕರು ಕೂತಿದ್ದರು. ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇಟ್ಟಿದ್ದವರು. ಅವರ ಮಗಳು ಸಿಂಚನಾ ಶಾಲೆಯ ಹುಡುಗಿಯರಲ್ಲೊಬ್ಬಳು. ಟಿ.ವಿ. ಚಾನೆಲ್ಲಿನ ಇಬ್ಬರೂ ಇದ್ದರು. ಚಿಕ್ಕತಾಯಮ್ಮ ಒಗೆದು ಮಡಿಸಿದ ಸೀರೆ ಉಟ್ಟು, ಚಪ್ಪಲಿ ಆಚೆ ಬಿಟ್ಟು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಭವ್ಯಳ ಜೊತೆ ಬಂದರು. ಅತ್ತೆ ಎದ್ದು ನಿಂತು ಬರಮಾಡಿಕೊಂಡರು. ಕುರ್ಚಿ ತೋರಿಸಿದರು. ಚಿಕ್ಕತಾಯಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕೂತುಬಿಟ್ಟಿದ್ದು ಅತ್ತೆಗೆ ಸಮಾಧಾನ ತಂದಿತೆಂದು ನನಗೆ ಅನ್ನಿಸಿತು. ಇದು ನನ್ನ ಊಹೆ.

"ಮಗ ಗುಡಿಗೆ ಬರ್ಲಿ ತಾಯಿ" ಎಂದರು ಚಿಕ್ಕತಾಯಮ್ಮ. "ಕೈ ಮುಗೀಲಿ, ಮಂಗಳಾರತಿ ತಕ್ಕಳ್ಲಿ. ಗೆಜ್ಜೆ ಒಂದು ಆಚೆ ಕಟ್ಕಂಡು ಬತ್ತಾಳೆ. ಬಾಗಿಲಾಚೆ. ನಾನೇ ಕಟ್ಟುತೀನಿ."

"ಚಿಕ್ಕತಾಯಮ್ಮ, ಅದೇ ಮುಖ್ಯ ಅಲ್ವಾ? ದೇವರ ಮುಂದೆ ಕಟ್ಟೋದೇ ಶೂಟಿಂಗು. ಭಾರತಮಾತೆ ಆಗೋಳಿಗೇ ಗುಡೀಲಿ ಗೆಜ್ಜೆ ಕಟ್ಟದೆ ಮಿಕ್ಕೋರಿಗೆ ಕಟ್ಟೋಕಾಗುತ್ತಾ?"

"ನಮ್ಮನೆ ವಿಚಾರ ನಿಮ್ಗೆ ಗೊತ್ತದಲ್ಲ ತಾಯಿ."

"ಅದು ಆ ಕಾಲ. ಆಗ ಜನ ಕೆಟ್ಟವರಿದ್ರು, ಕಲೆಗೆ ಕೆಟ್ಟ ಹೆಸರು ಬಂತು. ಈಗ ಹಾಗಿಲ್ಲ. ಈಗ ಇದು ದೇಶದ ಕಲೆ."

"ದೇಸ ಆಗ್ಲೂ ಇತ್ತಲ್ವಾ ತಾಯಿ?"

ಅಷ್ಟು ಮೆತ್ತಗೆ ಕೇಳಿದರು. ಪ್ರಾಯೋಜಕರು ಗಂಟಲು ಸರಿಮಾಡಿಕೊಂಡು, "ಅಜ್ಜಿ, ಇದು ನಮ್ಮ ಸಂಸ್ಕೃತಿ. ನಮ್ಮ ಸಂಸ್ಕೃತೀನ ನಾವೇ ಬೇಡ ಅಂದ್ರೆ ಹೆಂಗೆ?" ಎಂದರು. ಅತ್ತೆ ಅವರ ಕಡೆ ತಿರುಗಿ, ನಗುನಗುತ್ತಾ, ಚಾನೆಲ್ಲಿನವರಿಗೂ ಕೇಳಿಸುವ ಹಾಗೆ ಹೇಳಿದರು: "ನೋಡಿ, ನನಗೂ ದೇವರ ಸನ್ನಿಧೀಲೇ ಗೆಜ್ಜೆ ಕಟ್ಟಿದ್ದು. ನಮ್ಮ ತಂದೆಯವರೇ ನಿಂತು ಕಟ್ಟಿಸಿದ್ರು. ಈಗಲೂ ನೆನೆಸಿಕೊಂಡ್ರೆ ಮೈ ಪುಳಕ ಆಗುತ್ತೆ."

ನಾನು ಚಿಕ್ಕತಾಯಮ್ಮನ ಮುಖ ನೋಡಿದೆ. ಈಗ ಹೇಳುತ್ತಾರೆ ಎಂದುಕೊಂಡೆ. ಕಂಬದ ಹತ್ತಿರ, ಲಂಗ ಬ್ಲೌಸು, ನಿಮ್ಮ ತಂದೆ ಹೆದರಿಕೊಂಡರು. ಒಂದೇ ಮಾತು ಸಾಕಿತ್ತು. ಅವರು ಅತ್ತೆಯನ್ನೇ ನೋಡುತ್ತಿದ್ದರು. ಅತ್ತೆ ಅವರತ್ತ ನೋಡಲಿಲ್ಲ. ಚಿಕ್ಕತಾಯಮ್ಮ ಸೆರಗು ಎಳೆದುಕೊಂಡು, ಮೊಣಕಾಲಿಗೆ ಕೈಯೂರಿ ಎದ್ದರು.

"ಆಗ್ಲಿ ಬುಡಿ. ಬಾ ಮಗ" ಎಂದು ಭವ್ಯಳನ್ನು ಕರೆದರು. ಬಾಳೆಹಣ್ಣನ್ನು ಕುರ್ಚಿಯ ಮೇಲಿಟ್ಟು ಹೋದರು.

ಅವರು ಹೋದ ಮೇಲೆ ಪ್ರಾಯೋಜಕರು ಅದರಲ್ಲಿ ಒಂದನ್ನು ಸುಲಿದು ತಿಂದು, "ರಸಬಾಳೆ! ಈಗ ಸಿಗೋದೇ ಕಷ್ಟ" ಎಂದರು.

ಭಾರತಾಂಬೆಯ ಪಾತ್ರ ಸಿಂಚನಾಳಿಗೆ ಹೋಯಿತು. ಸಿಂಚನಾ ಕೆಟ್ಟ ಹುಡುಗಿಯಲ್ಲ. ಆ ಜಾವಳಿ ತನಗೆ ಬರುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಆಗ ಅತ್ತೆ ಏನು ಮಾಡಿದರೆಂದರೆ, ಭವ್ಯಳಿಗೆ ಫೋನ್ ಮಾಡಿ, ಸಿಂಚನಾಳಿಗೆ ಅಭಿನಯ ಹೇಳಿಕೊಡಲು ಬಾ ಎಂದರು. ನನಗೆ ಕಿವಿ ನಂಬಲಾಗಲಿಲ್ಲ. ಅದಕ್ಕಿಂತ ನಂಬಲಾಗದ್ದೆಂದರೆ ಭವ್ಯ ಬಂದಳು. ಒಂದು ವಾರ ದಿನವೂ ಬಸ್ಸು ಹಿಡಿದು ಬಂದು, ಆ ಶೀಟಿನ ಕೆಳಗೆ ನಿಂತು, ಹೊಸ್ತಿಲ ಕಡೆ ಹೇಗೆ ನೋಡಬೇಕು, ಬೆರಳು ಎಲ್ಲಿ ತಿರುಗಬೇಕು ಎಂದು ಸಿಂಚನಾಳಿಗೆ ತೋರಿಸಿದಳು.

"ಯಾಕೆ ಬರ್ತೀಯೆ? ನಾಚಿಕೆ ಇಲ್ವಾ ನಿನಗೆ?" ಎಂದು ನಾನು ಅವಳ ಮೇಲೆ ರೇಗಿದೆ.

"ಬರಲಿಲ್ಲ ಅಂದ್ರೆ ಅವ್ಳು ತಪ್ಪು ತಪ್ಪು ಮಾಡ್ತಾಳೆ ಅಕ್ಕ. ಅದು ನಮ್ಮ ಮುತ್ತಜ್ಜಿ ಐಟಮ್ಮು. ಡೆಲ್ಲೀಲಿ ತಪ್ಪಾಗಿ ಓಗ್ಬಾರ್ದು."

ಆಗಸ್ಟ್ ಹದಿನೈದರ ಬೆಳಗ್ಗೆ ಜಿಟಿಜಿಟಿ ಮಳೆ. ಗುಡಿಯ ಅಂಗಳದಲ್ಲಿ ರಾಡಿ ತುಳಿಯದಿರಲೆಂದು ಹಸಿರು ಮ್ಯಾಟು ಹಾಸಿದ್ದರು, ಅದು ನೀರು ಕುಡಿದು ಕಾಲಿಟ್ಟಲ್ಲೆಲ್ಲ ಪಚಕ್ ಎನ್ನುತ್ತಿತ್ತು. ಹುಡುಗಿಯರು ಸಾಲಾಗಿ ಕೂತರು. ಪುರೋಹಿತರು ಗೆಜ್ಜೆಗಳನ್ನು ದೇವರ ಪಾದಕ್ಕೆ ಮುಟ್ಟಿಸಿ ತಂದರು. ಕ್ಯಾಮೆರಾದವನು "ಇನ್ನೊಂದ್ಸಲ ಮುಟ್ಟುಸ್ಬಿಡಿ ಸಾ, ಲೈಟ್ ಬಂದಿಲ್ಲ" ಎಂದ. ಇನ್ನೊಮ್ಮೆ ಮುಟ್ಟಿಸಿದರು. ಸೇರಿದವರು ಅಕ್ಷತೆ ಹಾಕಿದರು. ಸಿಂಚನಾಳ ತಂದೆ ಮಗಳ ತಲೆಯ ಮೇಲೆ ಅಕ್ಷತೆ ಹಾಕುತ್ತಾ ಕಣ್ಣೊರೆಸಿಕೊಂಡರು. ಚಿಕ್ಕತಾಯಮ್ಮ ಹೇಳಿದ್ದೆಲ್ಲ ನನ್ನ ಕಣ್ಣೆದುರು ಒಂದೊಂದಾಗಿ ನಡೆಯುತ್ತಿತ್ತು, ಆದರೆ ಇಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಈ ಹುಡುಗಿಯರು ಸಂಜೆ ಗೆಜ್ಜೆ ಬಿಚ್ಚಿ ಹೋಮ್‌ವರ್ಕ್ ಮಾಡುತ್ತಾರೆ. ಒಂದು ಮಗುವಿನ ಬದುಕನ್ನು ನುಂಗಿದ ವಿಧಿ, ಅಪ್ಪಂದಿರು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವ ಚಿತ್ರವಾಗಿತ್ತು. ಗರ್ಭಗುಡಿಯ ಎಣ್ಣೆಜಿಡ್ಡಿನ ವಾಸನೆ, ಪ್ಯಾನ್‌ಕೇಕು, ಹೊರಗಿನ ರಾಡಿ, ತುಪ್ಪ ಸೋರುವ ಕೇಸರಿಭಾತಿನ ದೊನ್ನೆ. ನಾನು ದೊನ್ನೆಯನ್ನು ಕಂಬದ ಹಿಂದೆ ಇಟ್ಟು ಆಚೆ ಬಂದೆ.

ಆದರೆ ಕಲ್ಯಾಣಮಂಟಪದಲ್ಲಿ ನಡೆದದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ಸುಳ್ಳಾಗುತ್ತದೆ. ಕಾರ್ಯಕ್ರಮ ಚೆನ್ನಾಗಿತ್ತು. ಸಿಂಚನಾ ತಪ್ಪಿಲ್ಲದೆ ಮಾಡಿದಳು. ಸರಪಳಿ ಹರಿದು ಬಾವುಟ ಮೇಲೇರಿದಾಗ ಇಡೀ ಸಭೆ ಎದ್ದು ನಿಂತಿತು, ನನಗೂ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು. ಎಲ್ಲ ಗೊತ್ತಿದ್ದೂ ಬಂತು. ನಿರೂಪಕರು ಸಾವಿರಾರು ವರ್ಷಗಳಿಂದ ಕಳಂಕವಿಲ್ಲದೆ ಹರಿದುಬಂದ ಧಾರೆ ಎಂದು ಗಂಭೀರವಾದ ದನಿಯಲ್ಲಿ ಹೇಳುತ್ತಿದ್ದಾಗ ನನ್ನ ತೋಳಿನ ರೋಮ ನಿಂತಿತ್ತು. ಆ ದಿನದ ಹೇಸಿಗೆಗಳಲ್ಲಿ ನನ್ನನ್ನು ಇನ್ನೂ ಬಿಡದೆ ಇರುವುದು ಅದೊಂದೇ: ನನ್ನ ಸ್ವಂತ ಚರ್ಮ.

ಶಾಲೆ ಆಯ್ಕೆಯಾಯಿತು. ಜನವರಿಯಲ್ಲಿ ಸಿಂಚನಾ ಮತ್ತು ಇನ್ನು ಕೆಲವರು ದೆಹಲಿಗೆ ಹೋದರು, ಅತ್ತೆಯೂ ಹೋದರು. ಅಷ್ಟು ಹೊತ್ತಿಗೆ ನಾನು ಮೈಸೂರಿಗೆ ವಾಪಸಾಗಿದ್ದೆ. ಗಣರಾಜ್ಯೋತ್ಸವದ ದಿನ ಟಿ.ವಿ.ಯಲ್ಲಿ ಎತ್ತರದಿಂದ ತೋರಿಸಿದಾಗ ಆ ಅಗಲವಾದ ರಸ್ತೆಯ ಮೇಲೆ ಸಾವಿರ ಬಣ್ಣದ ಚುಕ್ಕೆಗಳು ಕಂಡವು. ಯಾವ ಬೆರಳೂ ಕಾಣಲಿಲ್ಲ. ಭವ್ಯಳಿಗೆ ಫೋನ್ ಮಾಡಿದೆ. "ನೋಡ್ದೆ ಅಕ್ಕ" ಎಂದಳು. "ಅದ್ರಲ್ಲಿ ಯಾರು ಯಾರು ಅಂತ ಗೊತ್ತೇ ಆಗಲ್ಲ ಅಲ್ವಾ?" ಅಷ್ಟರ ಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಅತ್ತೆಯ ಶಾಲೆಗೆ ಅವಳು ಮತ್ತೆ ಕಾಲಿಡಲಿಲ್ಲ. ಅವಳಿಗೆ ಅಜ್ಜಿ ಜಗಲಿಯ ಮೇಲೆ ಗೆಜ್ಜೆ ಕಟ್ಟಿದರೋ ಇಲ್ಲವೋ ನಾನು ಕೇಳಲಿಲ್ಲ. ಚಿಕ್ಕತಾಯಮ್ಮ ಮರುವರ್ಷ ತೀರಿಕೊಂಡರು.

ಅವರು ಹೋದ ಮೇಲೆ ನನಗೆ ಹೊಸದೊಂದು ಕಾಟ ಶುರುವಾಯಿತು. ಚಿಕ್ಕತಾಯಮ್ಮನ ನೆನಪೇ ತಪ್ಪಿದ್ದರೆ? ಅವರಿಗೂ ವಯಸ್ಸಾಗಿತ್ತು, ಅವರಿಗೂ ಸಿಟ್ಟಿತ್ತು. ಜಗಲಿಯಲ್ಲಿ ಗೆಜ್ಜೆ ಕಟ್ಟಿಸಿಕೊಂಡ ಯಾವುದೋ ಬೇರೆ ಮನೆಯ ಹುಡುಗಿಯನ್ನು ಅತ್ತೆಯೆಂದು ನೆನೆಸಿಕೊಂಡಿರಬಹುದು. ತಾತ ಇಲ್ಲ, ಕಮಲಮ್ಮ ಇಲ್ಲ. ಅತ್ತೆಯೂ ತಮ್ಮ ಮಾತನ್ನು ಇಷ್ಟು ವರ್ಷ ಹೇಳಿ ಹೇಳಿ ನಿಜವಾಗಿಯೇ ಹಾಗೆ ನೆನಪಿಟ್ಟುಕೊಂಡಿರಬಹುದು. ಹಾಗಿದ್ದರೆ ನಾನು ಯಾರ ಮೇಲೆ ಅಸಹ್ಯಪಡುತ್ತಿದ್ದೇನೆ? ಗೊತ್ತಿರುವವರು ಈಗ ಒಬ್ಬರೇ ಉಳಿದಿದ್ದಾರೆ.

ಬಸ್ಸಿನಿಂದ ಇಳಿದ ಆ ದಿನ ನಾನು ನೇರ ಅತ್ತೆಯ ಮನೆಗೆ ನಡೆದೆ. ಅತ್ತೆಗೆ ಈಗ ಮಂಡಿ ನೋವು, ಮಹಡಿ ಹತ್ತುವುದಿಲ್ಲ. ಪಾಠವನ್ನು ಸಿಂಚನಾ ನೋಡಿಕೊಳ್ಳುತ್ತಾಳೆ. ಮೇಲೆ ಹುಡುಗಿಯರ ಪಾದದ ಶಬ್ದ ಬರುತ್ತಿತ್ತು. ಅತ್ತೆ ಹಜಾರದಲ್ಲಿ ಕೂತು ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಿಜವಾಗಿಯೂ ಖುಷಿಪಟ್ಟರು. ಏನು ಇಷ್ಟು ಸೊರಗಿದೀಯೆ ಎಂದರು. ಅವರ ಪಕ್ಕ ಕೂತೆ, ಎಣ್ಣೆಯ ಬಟ್ಟಲು ತೆಗೆದುಕೊಂಡು ನಾನೇ ನೀವಿದೆ. ಅವರ ಪಾದ ನನ್ನ ತೊಡೆಯ ಮೇಲಿತ್ತು. ಕಣಕಾಲಿನ ಸುತ್ತ, ವರ್ಷಗಟ್ಟಲೆ ಗೆಜ್ಜೆ ಕಟ್ಟಿದ ಜಾಗದಲ್ಲಿ, ಚರ್ಮ ಕಪ್ಪಗೆ ದಪ್ಪಗಾಗಿತ್ತು. ಅದನ್ನು ಹಿಡಿದುಕೊಂಡೇ ಕೇಳಿದೆ. ಜಗಳದ ದನಿಯಲ್ಲಿ ಕೇಳಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದೆ. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ. ಮೇಲಿನ ತಾಳಕ್ಕೆ ಕಿವಿಗೊಟ್ಟವರಂತೆ ಚಾವಣಿ ನೋಡುತ್ತಾ ಕೂತರು. ಅವರು ನೋಡುತ್ತಲೇ ಇದ್ದಾಗ ನಾನು ಎದ್ದು ಬಂದೆ, ಇವತ್ತಿನವರೆಗೂ ಅವರಿಂದ ಉತ್ತರ ಬಂದಿಲ್ಲ.

"ಅತ್ತೆ, ನಿಮಗೆ ಮೊದಲ ಸಲ ಗೆಜ್ಜೆ ಕಟ್ಟಿದ್ದು ಎಲ್ಲಿ?"